ಗುಂಡಿಗೆ ಅಡ್ಡ ನಿಂತವರು

ಶಿಕಾಗೋದ ಎಂಗಲ್‌ವುಡ್ ಬಡಾವಣೆಯಲ್ಲಿ ಹಾಡುಹಗಲೇ ಬೀದಿಜಗಳ. ಒಬ್ಬನ ಹಲ್ಲು ಕಲ್ಲೇಟಿಗೆ ಮುರಿದಿದೆ, ಇನ್ನೊಂದು ಕಡೆಯಿಂದ ಅಡುಗೆಮನೆಯ ಚೂರಿ ಹೊರಬಂದಿದೆ. ತಲೆಗೆ ವಸ್ತ್ರ ಸುತ್ತಿದ ಮಹಿಳೆಯೊಬ್ಬರು ಆ ಗದ್ದಲದೊಳಗೆ ನುಗ್ಗಿ, ಪೆಟ್ಟು ತಿಂದವನನ್ನು ಪುಸಲಾಯಿಸಿ ಆಚೆ ಕರೆದೊಯ್ಯುತ್ತಾರೆ. ಆಕೆ ಪೊಲೀಸ್ ಅಲ್ಲ, ಕೈಯಲ್ಲಿ ಆಯುಧವೂ ಇಲ್ಲ. ಸ್ಟೀವ್ ಜೇಮ್ಸ್ ನಿರ್ದೇಶಿಸಿ, ಪತ್ರಕರ್ತ ಅಲೆಕ್ಸ್ ಕಾಟ್ಲೊವಿಟ್ಜ್ ಜೊತೆಗೂಡಿ ತಯಾರಿಸಿದ 'ದಿ ಇಂಟರಪ್ಟರ್ಸ್' (2011) ಸಾಕ್ಷ್ಯಚಿತ್ರ ನಮ್ಮನ್ನು ಒಳಗೆ ಕರೆದುಕೊಳ್ಳುವುದು ಹೀಗೆ. ಲಾಂಗು-ಮಚ್ಚುಗಳ ಸಿನಿಮಾ ನೋಡಿ ಅಭ್ಯಾಸವಾದ ನಮಗೆ, ಏಟು ಬೀಳದಂತೆ ನೋಡಿಕೊಳ್ಳುವುದೇ ಕಥೆಯಾಗಬಲ್ಲದು ಎಂಬುದೇ ಹೊಸ ಸಂಗತಿ.

ಚಿತ್ರದ ಕೇಂದ್ರದಲ್ಲಿರುವುದು 'ಸೀಸ್‌ಫೈರ್' ಎಂಬ ಸಂಸ್ಥೆ. ಇದನ್ನು ಕಟ್ಟಿದ ಡಾ. ಗ್ಯಾರಿ ಸ್ಲಟ್ಕಿನ್ ಆಫ್ರಿಕಾದಲ್ಲಿ ಕಾಲರಾ, ಏಡ್ಸ್‌ಗಳ ಬೆನ್ನು ಹತ್ತಿದ್ದ ವೈದ್ಯರು. ಹಿಂಸೆಯೂ ಒಂದು ಸೋಂಕು, ಹರಡುವ ಮೊದಲೇ ತಡೆಯಬೇಕು ಎನ್ನುವುದು ಅವರ ವಾದ. ತಡೆಯಲು ನೇಮಕವಾದವರು ಹಿಂದೆ ಸ್ವತಃ ಗ್ಯಾಂಗುಗಳಲ್ಲಿದ್ದವರು, ಜೈಲು ಕಂಡವರು. ಕೇಳಿಸಿಕೊಂಡದ್ದನ್ನು ಅವರು ಪೊಲೀಸರಿಗೆ ದಾಟಿಸುವುದಿಲ್ಲ. ಹುಡುಗರು ಅವರೆದುರು ಬಾಯಿ ಬಿಡುವುದೂ ಅದಕ್ಕೇ.

ಸೋಂಕಿನ ಈ ಹೋಲಿಕೆ ಕೇಳಲು ಚೆನ್ನಾಗಿದೆ. ಆದರೆ ಚಿತ್ರದ ಅತ್ಯುತ್ತಮ ದೃಶ್ಯಗಳು ಅದಕ್ಕೆ ವಿರುದ್ಧವಾಗಿಯೇ ಸಾಕ್ಷಿ ಹೇಳುತ್ತವೆ. ಸೋಂಕಿಗೆ ಲಸಿಕೆ ಹಾಕಿ ಮುಂದಿನ ಮನೆಗೆ ಹೋಗಬಹುದು. ಇಲ್ಲಿ ಅದೇ ಬಾಗಿಲನ್ನು ಮತ್ತೆ ಮತ್ತೆ ತಟ್ಟಬೇಕು. ಅಮೀನಾ ಮ್ಯಾಥ್ಯೂಸ್ ಒಬ್ಬ ಹದಿಹರೆಯದ ಹುಡುಗಿಯ ಬೆನ್ನಿಗೆ ನಿಲ್ಲುತ್ತಾರೆ. ಉಗುರಿಗೆ ಬಣ್ಣ ಹಚ್ಚಿಸಲು ಕರೆದೊಯ್ಯುತ್ತಾರೆ, ಶಾಲೆಗೆ ಹೋಗು ಎಂದು ಗೋಗರೆಯುತ್ತಾರೆ. ಹುಡುಗಿ ಮಾತು ತಪ್ಪುತ್ತಾಳೆ, ಅಮೀನಾ ಸಿಡುಕುತ್ತಾರೆ, ಆದರೂ ಕೈ ಬಿಡುವುದಿಲ್ಲ. ಇದು ಚಿಕಿತ್ಸೆಗಿಂತ ಹೆಚ್ಚಾಗಿ ಚಿಕ್ಕಮ್ಮನ ಕೆಲಸ.

ಅಮೀನಾ ಅವರ ಹಿನ್ನೆಲೆಯಲ್ಲೇ ಇನ್ನೊಂದು ಚಿತ್ರಕ್ಕಾಗುವಷ್ಟು ವಿಷಯವಿದೆ. ತಂದೆ ಜೆಫ್ ಫೋರ್ಟ್ ಶಿಕಾಗೋದ ಕುಖ್ಯಾತ ಗ್ಯಾಂಗಿನ ನಾಯಕ. 1970ರ ದಶಕದಲ್ಲಿ ಆತ ತನ್ನ ಗುಂಪಿಗೆ 'ಎಲ್ ರುಕ್ನ್' ಎಂದು ಅರಬಿ ಹೆಸರಿಟ್ಟ. ಪವಿತ್ರ ಕಾಬಾದ ಮೂಲೆಯನ್ನು ನೆನಪಿಸುವ ಹೆಸರು, ದಂಧೆ ಮಾತ್ರ ಮಾದಕವಸ್ತುವಿನದು! ಅದೇ ಮನುಷ್ಯನ ಮಗಳು ಇಸ್ಲಾಮಿನಲ್ಲಿ ನೆಲೆ ಕಂಡುಕೊಂಡು, ಅದೇ ಬೀದಿಗಳಲ್ಲಿ ಹುಡುಗರನ್ನು ಬದುಕಿಸಲು ಓಡಾಡುತ್ತಾರೆ. ಧರ್ಮದ ಹೆಸರು ಮತ್ತು ಧರ್ಮದ ನಡೆ ಎಷ್ಟು ದೂರ ಇರಬಹುದೆಂದು ತೋರಿಸಲು ಇದಕ್ಕಿಂತ ದೊಡ್ಡ ಅವಕಾಶ ಬೇಕಿರಲಿಲ್ಲ. ಚಿತ್ರ ಅದನ್ನು ಮುಟ್ಟಿ ಸರಿದುಬಿಡುತ್ತದೆ.

ಚಿತ್ರದ ಜೀವ ಇರುವುದು ಕ್ಷೌರದಂಗಡಿಯ ದೃಶ್ಯದಲ್ಲಿ. ಅಂಗಡಿ ದೋಚಿ ಜೈಲಿಗೆ ಹೋಗಿದ್ದ ತರುಣನೊಬ್ಬ ಬಿಡುಗಡೆಯಾಗಿ ಬಂದಿದ್ದಾನೆ. ಕೋಬ್ ವಿಲಿಯಮ್ಸ್ ಅವನನ್ನು ಅದೇ ಅಂಗಡಿಗೆ ಕರೆತರುತ್ತಾರೆ, ಕ್ಷಮೆ ಕೇಳಲು. ದರೋಡೆಯ ದಿನ ಮಕ್ಕಳೊಂದಿಗೆ ಅಲ್ಲಿದ್ದ ತಾಯಿಯೊಬ್ಬಳು ಅವನನ್ನು ಸುಲಭವಾಗಿ ಬಿಡುವುದಿಲ್ಲ. ಅಂದಿನ ಭಯವನ್ನೆಲ್ಲ ಅವನ ಮುಖದ ಮೇಲೆ ಹೇಳುತ್ತಾಳೆ. ಅವನು ತಲೆತಗ್ಗಿಸಿ ಕೇಳುತ್ತಾನೆ. ಆಮೇಲಷ್ಟೇ ಅಪ್ಪುಗೆ. ಹಾಗೆ ಕೇಳಿಸಿಕೊಳ್ಳುವುದನ್ನು ಯಾವ ಜೈಲೂ ಅವನಿಗೆ ಕಲಿಸಿರಲಿಲ್ಲ. ಕ್ಯಾಮೆರಾ ಇಲ್ಲದಿದ್ದರೆ ಇದು ನಡೆಯುತ್ತಿತ್ತೇ ಎಂಬ ಅನುಮಾನ ಬರದೆ ಇರದು. ಆದರೂ ಆ ತಾಯಿಯ ಧ್ವನಿಯಲ್ಲಿ ನಟನೆ ಇಲ್ಲ.

ಕೆಲಸದ ಅಪಾಯವನ್ನು ಚಿತ್ರ ಮುಚ್ಚಿಟ್ಟಿಲ್ಲ. ಗುಂಡೇಟು ತಿಂದ ಕಾರ್ಯಕರ್ತನೊಬ್ಬ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದಾನೆ. ಮುಚ್ಚಿಹೋದ ಕಾರ್ಖಾನೆಗಳು, ಪಾಳುಬಿದ್ದ ಮನೆಗಳು ಮಾತ್ರ ಇಲ್ಲಿ ಬರೀ ಹಿನ್ನೆಲೆ, ಯಾರೂ ಅವುಗಳ ಬಗ್ಗೆ ಪ್ರಶ್ನೆ ಎತ್ತುವುದಿಲ್ಲ. ಸೇಡಿನಿಂದ ಕುದಿಯುತ್ತಿದ್ದ ಇನ್ನೊಬ್ಬನನ್ನು ಕೋಬ್ ತಣಿಸುವುದು ಊಟಕ್ಕೆ ಕರೆದೊಯ್ದು. ಆದರೆ ಕೊನೆಗೆ ಅವನು ನೆಟ್ಟಗೆ ನಿಂತಿದ್ದು ರೈಲು ನಿಲ್ದಾಣದ ಕಾವಲು ಕೆಲಸ ಸಿಕ್ಕಿದ ಮೇಲೆ. ರೋಗ ಹಿಂಸೆಯಾದರೆ ಸಂಬಳದ ಕೆಲಸಕ್ಕೆ ಏನೆಂದು ಹೆಸರಿಡೋಣ?

ಸೀಸ್‌ಫೈರ್ 2012ರಲ್ಲಿ 'ಕ್ಯೂರ್ ವಯೊಲೆನ್ಸ್' ಆಯಿತು. 2015ರಲ್ಲಿ ಇಲಿನಾಯ್ ರಾಜ್ಯದ ಅನುದಾನ ನಿಂತು ಶಿಕಾಗೋದ ಬಹುತೇಕ ಕೇಂದ್ರಗಳು ಬಾಗಿಲು ಹಾಕಿದವು. ಮರುವರ್ಷ ನಗರದಲ್ಲಿ ಕೊಲೆಗಳು 700 ದಾಟಿದವು. ಎರಡನ್ನೂ ನೇರವಾಗಿ ಗಂಟು ಹಾಕುವಂತಿಲ್ಲ, ಕಾರಣಗಳು ಹಲವು. ಆದರೆ ಸಾಂಕ್ರಾಮಿಕ ರೋಗದ ಆಸ್ಪತ್ರೆಯನ್ನು ಬಜೆಟ್ ಜಗಳದ ನಡುವೆ ಯಾವ ಸರಕಾರವೂ ಹಾಗೆ ಮುಚ್ಚುತ್ತಿರಲಿಲ್ಲ.