ಪಾಳಿ ತಪ್ಪಿದ ಎಣಿಕೆ

ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಡ್ಯಾಮಿನಿಂದ ಬಿಟ್ಟ ನೀರು ಗೋಕಾಕ ತಾಲ್ಲೂಕಿನ ಧೂಪದಾಳದ ಒಡ್ಡಿಗೆ ಬಂದು ಎಡದಂಡೆ ಕಾಲುವೆ ಹಿಡಿಯುತ್ತದೆ. ಮುಂದೆ ಮೂಡಲಗಿ ಸೀಮೆಯ ರೈತನಿಗೆ ನೀರೆಂದರೆ ಪಾಳಿ. ಪಾಳಿ ಯಾರದೆಂದು ಗೊತ್ತಿಲ್ಲದೆ ಇಬ್ಬರು ಒಂದೇ ತೂಬಿಗೆ ಕೈಹಾಕಿದರೆ ಹೊಲ ಕೆಟ್ಟಂತೆಯೇ. ಡಿಸ್ಕ್ ಡ್ರೈವರಿನ ಡೇಟಾ ರೇಸ್ ಇಂಥದೇ ಕೇಡು.

ಡಿಸ್ಕಿಗೆ ಕಳಿಸಿ ಇನ್ನೂ ಮುಗಿಯದ ಕೋರಿಕೆಗಳನ್ನು ಡ್ರೈವರ್ ಎಣಿಸಿಡುತ್ತದೆ ಎನ್ನಿ. ಎಣಿಕೆ 5. ಹೊಸ ಕೋರಿಕೆ ಸೇರಿಸಲು ಒಂದು ಸಿಪಿಯು 5 ಓದಿಕೊಂಡಿತು. ಅದೇ ಗಳಿಗೆಗೆ ಇನ್ನೊಂದು ಸಿಪಿಯುನಲ್ಲಿ ಇಂಟರಪ್ಟ್ ಬಂದು, ಮುಗಿದದ್ದನ್ನು ಕಳೆಯಲು ಅದೂ 5 ಓದಿತು. ಮೊದಲನೆಯದು 6 ಬರೆಯಿತು, ಎರಡನೆಯದು ಅದರ ಮೇಲೆಯೇ 4 ಬರೆಯಿತು. ನಿಜವಾಗಿ ಬಾಕಿ ಇರುವುದು 5. ಮುಂದೆ ಡಿಸ್ಕ್ ಕಳಚುವಾಗ ಎಣಿಕೆ ಸೊನ್ನೆಯಾಯಿತೆಂದು ನಂಬಿ ಡ್ರೈವರ್ ಮೆಮೊರಿ ಬಿಟ್ಟುಕೊಡುತ್ತದೆ. ಉಳಿದೊಂದು ಕೋರಿಕೆಯ ಡೇಟಾ ಬೇರೆ ಯಾರದೋ ಜಾಗಕ್ಕೆ ಬಂದು ಬೀಳುತ್ತದೆ.

ಇಂಥದನ್ನು ಹಿಡಿಯಲೆಂದೇ 2020ರಲ್ಲಿ ಲಿನಕ್ಸ್ 5.8ಕ್ಕೆ ಕೆಸಿಸ್ಯಾನ್ ಎಂಬ ಸಾಧನ ಸೇರಿತು. ಅದು ಒಂದು ವಿಳಾಸದ ಮೇಲೆ ಕಾವಲಿಟ್ಟು, ಕ್ಷಣ ತಡೆದು, ಬೇರೆ ಸಿಪಿಯು ಅದನ್ನು ಮುಟ್ಟಿತೇ ಎಂದು ನೋಡುತ್ತದೆ. ಬಹಳ ದೊಡ್ಡ ಉಪಕಾರ. ಆದರೆ ಎಚ್ಚರಿಕೆ ಬಂದೊಡನೆ ಆ ಸಾಲಿಗೆ ರೀಡ್-ಒನ್ಸ್, ರೈಟ್-ಒನ್ಸ್ ಅಂಟಿಸಿ ರೇಸ್ ಸರಿಹೋಯಿತು ಎನ್ನುವ ಚಾಳಿಯನ್ನು ನಾನು ಒಪ್ಪಲಾರೆ. ಅವು ಓದು-ಬರಹವನ್ನು ಕಂಪೈಲರ್ ಒಡೆಯದಂತೆ, ಮತ್ತೆ ಮತ್ತೆ ಓದದಂತೆ ತಡೆಯುತ್ತವೆ, ಅಷ್ಟೇ. ಓದಿ, ಕೂಡಿಸಿ, ಬರೆಯುವ ಮೂರು ಹೆಜ್ಜೆ ಮೂರಾಗಿಯೇ ಉಳಿಯುತ್ತವೆ. ಕೆಸಿಸ್ಯಾನ್ ಸುಮ್ಮನಾಗುತ್ತದೆ, ಎಣಿಕೆ ಮಾತ್ರ ತಪ್ಪುತ್ತಲೇ ಇರುತ್ತದೆ. ಎಚ್ಚರಿಕೆಯೇ ಇಲ್ಲದ ಹಳೆಯ ದೋಷಕ್ಕಿಂತ ಇದು ಕೆಟ್ಟದ್ದು, ಏಕೆಂದರೆ ಮುಂದೆ ಓದುವವನಿಗೆ ಇಲ್ಲಿ ಯಾರೋ ಯೋಚಿಸಿದ್ದಾರೆ ಅನ್ನಿಸುತ್ತದೆ.

ಬರೀ ಎಣಿಕೆಯಾದರೆ ಆ ಮೂರು ಹೆಜ್ಜೆಯನ್ನು ಒಂದೇ ಆಗಿಸುವ ಅಟಾಮಿಕ್ ಸಾಕು. ಎಣಿಕೆಯ ಜೊತೆಗೆ ‘ಡಿಸ್ಕ್ ಕಳಚುತ್ತಿದೆ’ ಎಂಬ ಗುರುತೂ ಒಟ್ಟಿಗೇ ಬದಲಾಗಬೇಕಿದ್ದರೆ, ಒಂದು ಸಿಪಿಯು ಬಿಡುವವರೆಗೆ ಇನ್ನೊಂದನ್ನು ಕಾಯಿಸುವ ಸ್ಪಿನ್‌ಲಾಕೇ ಬೇಕು, ಅದೂ ಇಂಟರಪ್ಟ್ ತಡೆದು ಹಿಡಿಯುವಂಥದು. ಇಲ್ಲವಾದರೆ ಲಾಕ್ ಹಿಡಿದ ಸಿಪಿಯು ಮೇಲೆಯೇ ಇಂಟರಪ್ಟ್ ಬಂದು, ಅದೇ ಲಾಕಿಗಾಗಿ ಕೊನೆಯಿಲ್ಲದೆ ಕಾಯುತ್ತದೆ.

ಲಾಕ್ ಏನನ್ನು ಕಾಪಾಡುತ್ತದೆಂದು ಟಿಪ್ಪಣಿ ಬರೆಯದಿದ್ದರೆ, ಪ್ಯಾಚ್ ಪರಿಶೀಲಿಸುವ ಕರ್ನಲ್‌ನ ಚೆಕ್‌ಪ್ಯಾಚ್ --strict ಕೊಟ್ಟಾಗ ಕೇಳುತ್ತದೆ. ಹಲವರಿಗೆ ಅದು ಕಿರಿಕಿರಿ. ನನ್ನ ಮಟ್ಟಿಗೆ ಇಡೀ ಪ್ಯಾಚಿನಲ್ಲಿ ಆ ಟಿಪ್ಪಣಿಗಿಂತ ಬೆಲೆಯುಳ್ಳ ಸಾಲಿಲ್ಲ. ಗೋಕಾಕದಲ್ಲೋ ಮೂಡಲಗಿಯಲ್ಲೋ ಕುಳಿತು ಮೊದಲ ಪ್ಯಾಚ್ ಬರೆಯುತ್ತಿರುವ ಹುಡುಗ ಹುಡುಗಿಯರೇ, ಪಾಳಿ ಯಾರದೆಂಬ ಆ ಒಂದು ಸಾಲನ್ನು ಮೊದಲು ಬರೆಯಿರಿ, ಕೋಡ್ ಆಮೇಲೆ.