ಮೂಕ ಚಿತ್ರಗಳು, ಬಾಯಿಬಡುಕ ಹಾಡುಗಳು

ಮದುವೆ ಮುಗಿದು ಕೆಲವು ವಾರಗಳಾದ ಮೇಲೆ ಸ್ಟುಡಿಯೋದಿಂದ ಕರೆ ಬರುತ್ತದೆ. ಮನೆಯವರು ಹೋಗಿ ಕುಳಿತರೆ ಪರದೆಯ ಮೇಲೆ ಚಿತ್ರಗಳು ಒಂದೊಂದಾಗಿ ಸರಿಯುತ್ತವೆ, ಹಿಂದಿನಿಂದ ಸಂಗೀತ ಕೇಳಿಸುತ್ತದೆ. ಆಲ್ಬಮ್ಮಿಗೆ ಯಾವ ಚಿತ್ರ, ಎಷ್ಟು ಪುಟ ಎಂಬುದು ತೀರ್ಮಾನವಾಗುವುದು ಆಗಲೇ. ಬೆಳಕು ಚೆನ್ನಾಗಿಲ್ಲ, ಚಾಚಾ ಕಣ್ಣು ಮುಚ್ಚಿದ್ದಾರೆ ಎಂದೆಲ್ಲ ನಾವು ತಕರಾರು ತೆಗೆಯುತ್ತೇವೆ. ಸಂಗೀತದ ಬಗ್ಗೆ ಮಾತ್ರ ಯಾರೂ ಮಾತೆತ್ತುವುದಿಲ್ಲ. ನಮ್ಮ ಮೆಚ್ಚುಗೆಯ ಅರ್ಧ ಪಾಲನ್ನು ದೋಚಿಕೊಂಡು ಹೋಗುವುದು ಅದೇ.

ಛಾಯಾಚಿತ್ರ ಮೂಕ. ಅದರ ಶಕ್ತಿಯೂ ಅದೇ. ಹುಡುಗಿಯ ತಾಯಿ ಪಕ್ಕಕ್ಕೆ ನೋಡುತ್ತಿರುವ ಒಂದು ಚಿತ್ರ ಇದೆಯೆನ್ನಿ. ಸಾರಂಗಿ ನುಡಿಸಿದರೆ ಆಕೆ ಮಗಳ ಅಗಲಿಕೆಗೆ ಕೊರಗುತ್ತಿದ್ದಾಳೆ. ಢೋಲಕ್ ಬಾರಿಸಿದರೆ ಸಡಗರದಲ್ಲಿದ್ದಾಳೆ. ನಿಜದಲ್ಲಿ ಆಕೆ ಬಿರಿಯಾನಿಯ ದೇಗ್ ಸಾಕಾಗುತ್ತದೋ ಇಲ್ಲವೋ ಎಂದು ಲೆಕ್ಕ ಹಾಕುತ್ತಿರಬಹುದು. ಆ ಮುಖವನ್ನು ಓದುವ ಕೆಲಸ ನೋಡುವವನದು. ಸಂಗೀತ ಆ ಕೆಲಸವನ್ನು ಕಿತ್ತುಕೊಂಡು, ಸಿದ್ಧ ಉತ್ತರವನ್ನು ನಮ್ಮ ಕೈಗಿಡುತ್ತದೆ.

ಇದು ನಮ್ಮ ಊರಿನ ಸ್ಟುಡಿಯೋಗಳಿಗಷ್ಟೇ ಸೇರಿದ ಮಾತಲ್ಲ. ಅಮೆರಿಕದ ಕೆನ್ ಬರ್ನ್ಸ್ 1990ರಲ್ಲಿ ತಮ್ಮ ದೇಶದ ಅಂತರ್ಯುದ್ಧದ ಬಗ್ಗೆ 'ದಿ ಸಿವಿಲ್ ವಾರ್' ಎಂಬ ಸಾಕ್ಷ್ಯಚಿತ್ರ ಸರಣಿ ಮಾಡಿದರು. 1861ರಿಂದ 1865ರವರೆಗಿನ ಹಳೆಯ ಛಾಯಾಚಿತ್ರಗಳ ಮೇಲೆ ಕ್ಯಾಮೆರಾ ನಿಧಾನವಾಗಿ ಚಲಿಸುತ್ತದೆ, ಪಿಟೀಲಿನ ಒಂದು ಧಾಟಿ ಮತ್ತೆ ಮತ್ತೆ ಕೇಳಿಸುತ್ತದೆ. ಸತ್ತ ಸೈನಿಕರ ಕಾಲದ್ದೇ ಎನ್ನಿಸುವ ಆ 'ಅಶೋಕನ್ ಫೇರ್‌ವೆಲ್' ಹುಟ್ಟಿದ್ದು 1982ರಲ್ಲಿ. ಜೇ ಉಂಗರ್ ಎಂಬ ಸಂಗೀತಗಾರ ತಮ್ಮ ಸಂಗೀತ ಶಿಬಿರ ಮುಗಿದ ಬೇಸರದಲ್ಲಿ ಕಟ್ಟಿದ ಧಾಟಿ ಅದು. ಚಿತ್ರಕ್ಕೂ ರಾಗಕ್ಕೂ ನಡುವೆ ನೂರು ವರ್ಷಕ್ಕೂ ಮೀರಿದ ಅಂತರವಿದ್ದರೂ ಕಿವಿ ಅದನ್ನು ಅಳಿಸಿಹಾಕುತ್ತದೆ. ಸಂಗೀತ ಎಷ್ಟು ಸಲೀಸಾಗಿ ಸಾಕ್ಷಿ ನುಡಿಯಬಲ್ಲದು ನೋಡಿ! ಆದರೂ ಬರ್ನ್ಸ್ ಒಂದೊಂದು ಮುಖದ ಮುಂದೆಯೂ ತಾಳ್ಮೆಯಿಂದ ನಿಲ್ಲುತ್ತಾರೆ. ಅವರ ಹೆಸರಿನಲ್ಲೇ ಕಂಪ್ಯೂಟರಿಗೆ ಬಂದಿರುವ ಆ ಚಲನೆಯನ್ನು ನಮ್ಮ ಸ್ಟುಡಿಯೋಗಳು ಪಡೆದುಕೊಂಡವು, ತಾಳ್ಮೆಯನ್ನು ಅಲ್ಲಿಯೇ ಬಿಟ್ಟುಬಂದವು.

ನಮ್ಮಲ್ಲಿ ಮದುವೆಯ ನಾದವೆಂದರೆ ಶಹನಾಯಿ. ಉಸ್ತಾದ್ ಬಿಸ್ಮಿಲ್ಲಾ ಖಾನ್ 1977ರ 'ಸನಾದಿ ಅಪ್ಪಣ್ಣ'ದಲ್ಲಿ ಡಾ. ರಾಜಕುಮಾರ್ ಅವರ ಪಾತ್ರಕ್ಕೆ ತಮ್ಮ ಉಸಿರು ಕೊಟ್ಟರು. ಆ ನಾದ ಯಾರ ಮನೆಯದು ಎಂದು ಕನ್ನಡಿಗರು ಕೇಳಲಿಲ್ಲ. ಶಹನಾಯಿಯಲ್ಲಿ ಮಾತಿಲ್ಲ, ಆದ್ದರಿಂದ ಅದು ಚಿತ್ರದ ಬಾಯಿ ಮುಚ್ಚಿಸುವುದಿಲ್ಲ. ಸಿನಿಮಾ ಹಾಡು ಹಾಗಲ್ಲ. ಅದು ಬರುವಾಗ ತನ್ನ ನಾಯಕ ನಾಯಕಿಯರನ್ನೂ ಜೊತೆಗೇ ಕರೆತರುತ್ತದೆ. ನಮ್ಮ ಮನೆಯ ಹುಡುಗಿ ಅವರ ನೆರಳಿನಲ್ಲಿ ನಿಲ್ಲಬೇಕಾಗುತ್ತದೆ.

ಹೆಚ್ಚು ನೋವಾಗುವುದು ರುಖ್ಸತಿಯ ಚಿತ್ರಗಳಲ್ಲಿ. ಹೆಣ್ಣೊಪ್ಪಿಸುವ ಹಾಡು ಕನ್ನಡದ ಹಳ್ಳಿಗಳಲ್ಲಿದೆ. ಅಮೀರ್ ಖುಸ್ರೋ ಹೆಸರಿನಲ್ಲಿ ಪ್ರಚಲಿತವಾಗಿರುವ ಬಾಬುಲ್ ಹಾಡು ಉತ್ತರದಲ್ಲಿದೆ. ಅವನ್ನು ಹಾಡುತ್ತಿದ್ದವರು ಅದೇ ಹುಡುಗಿಯನ್ನು ಎತ್ತಿ ಆಡಿಸಿದ ಹೆಂಗಸರು. ಗಂಟಲು ಕಟ್ಟಿದರೆ ಹಾಡು ನಿಲ್ಲುತ್ತಿತ್ತು. ಈಗಿನದಕ್ಕೆ ಗಂಟಲು ಕಟ್ಟುವುದಿಲ್ಲ. ಊರಿನ ಹೆಣ್ಣುಮಕ್ಕಳೆಲ್ಲ ಒಂದೇ ಹಾಡಿಗೆ ತವರು ಬಿಡುತ್ತಾರೆ, ಯಾರ ಮಗಳು ಅತ್ತಳೆಂಬುದೇ ಗೊತ್ತಾಗುವುದಿಲ್ಲ.

ವಾದ್ಯಗಳ ಬಗ್ಗೆ ಉಲೇಮಾಗಳಲ್ಲಿ ಭಿನ್ನಾಭಿಪ್ರಾಯವಿದೆ. ನಿಕಾಹಿನ ಸಂಭ್ರಮಕ್ಕೆ ದಫ್ ಬಾರಿಸುವುದಕ್ಕೆ ಮಾತ್ರ ಹಳೆಯ ಕಾಲದಿಂದಲೂ ಒಪ್ಪಿಗೆಯಿದೆ. ವಾದ್ಯ ಬೇಡವೆಂದ ಮನೆಗಳಿಗೆ ಸ್ಟುಡಿಯೋದವರು ನಾತ್ ಹಾಕಿ ಕೊಡುತ್ತಾರೆ, ಕೆಲವೊಮ್ಮೆ ತಿಲಾವತನ್ನೂ. ಪರದೆಯ ಮೇಲೆ ವಲೀಮಾದ ಊಟ, ಕೆಳಗೆ ಅಲ್ಲಾಹನ ಕಲಾಮ್! ಕುರ್‌ಆನ್ ಓದುವಾಗ ಸುಮ್ಮನಿದ್ದು ಆಲಿಸಬೇಕೆಂಬ ಆದೇಶ ಅದೇ ಗ್ರಂಥದ ಅಲ್-ಅಅ್‌ರಾಫ್ ಅಧ್ಯಾಯದಲ್ಲಿದೆ. ಆಲಿಸಬೇಕಾದದ್ದನ್ನು ಹಿನ್ನೆಲೆಗೆ ತಳ್ಳುವುದು ಧರ್ಮನಿಷ್ಠೆ ಹೇಗಾದೀತು? ಅದಕ್ಕಿಂತ ಮೌನ ಹೆಚ್ಚು ಅದಬಿನದು.

ಕಾನೂನಿನ ಮಾತೂ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆ ಮದುವೆಯ ಮೆರವಣಿಗೆ, ಸಮಾರಂಭಗಳಲ್ಲಿ ಹಾಡು ನುಡಿಸುವುದಕ್ಕೆ ವಿನಾಯಿತಿ ಕೊಟ್ಟಿದೆ. ಕೇಂದ್ರ ಸರ್ಕಾರ 2023ರಲ್ಲಿ ಇದನ್ನೇ ಮತ್ತೆ ಸ್ಪಷ್ಟಪಡಿಸಿತು. ಆದರೆ ಅದೇ ಹಾಡನ್ನು ವಿಡಿಯೋಗೆ ಅಂಟಿಸಿ, ಸ್ಟುಡಿಯೋದ ಹೆಸರಿನಲ್ಲಿ ಯೂಟ್ಯೂಬಿಗೆ ಹಾಕುವುದು ಬೇರೆ ವಿಷಯ. ತಾನು ತೆಗೆದ ಚಿತ್ರವನ್ನು ಕೇಳದೆ ಬಳಸಿದರೆ ಸಿಟ್ಟಾಗುವ ಛಾಯಾಗ್ರಾಹಕ, ಇನ್ನೊಬ್ಬ ಕಲಾವಿದನ ಬೆವರನ್ನು ಕೇಳದೆ ಬಳಸುವುದು ನ್ಯಾಯವಲ್ಲ.

ಹಾಗೆಂದು ಸಂಗೀತವೇ ಬೇಡವೆಂದು ನಾವು ಹೇಳುತ್ತಿಲ್ಲ. ಮೊದಲ ಸಲ ಚಿತ್ರಗಳನ್ನು ಸದ್ದಿಲ್ಲದೆ ತೋರಿಸಿ; ಮನೆಯವರೇ ಮಾತನಾಡಲಿ. 'ಇದು ಅಪ್ಪಾಜಾನ್ ಕೊನೆಯ ಫೋಟೋ' ಎಂದು ಯಾರೋ ಹೇಳುತ್ತಾರೆ, ಇನ್ಯಾರೋ ನಗುತ್ತಾರೆ. ಆ ಚಿತ್ರಗಳಿಗೆ ಬೇಕಾದ ಹಿನ್ನೆಲೆ ಅದು. ಅಷ್ಟಾದ ಮೇಲೆ ಮಾತಿಲ್ಲದ, ತಗ್ಗಿದ ದನಿಯ ರಾಗವೊಂದಿದ್ದರೆ ಅಡ್ಡಿಯಿಲ್ಲ. ಸದ್ದಿಲ್ಲದಾಗಲೂ ಕಣ್ಣನ್ನು ಹಿಡಿದು ನಿಲ್ಲಿಸುವ ಚಿತ್ರಗಳನ್ನು ಆರಿಸಿಕೊಳ್ಳೋಣ. ಮೊಮ್ಮಕ್ಕಳು ಆಲ್ಬಮ್ ತೆರೆಯುವ ದಿನ ಯಾವ ಹಾಡೂ ಜೊತೆಗಿರುವುದಿಲ್ಲ.