ಗುರಾಣಿಯೆಂಬ ನೆಪ: ಪ್ಯಾಕ್ಸ್‌ಟನ್ ಅವರ ‘ವಿಶಿ ಫ್ರಾನ್ಸ್’

ಫ್ರಾನ್ಸ್ ದೇಶದ ನಡುಭಾಗದಲ್ಲಿ, ಅಲಿಯೇ ನದಿಯ ದಡದ ಮೇಲೆ ವಿಶಿ ಎಂಬ ಸಣ್ಣ ಪಟ್ಟಣವಿದೆ. ಅಲ್ಲಿಯ ಬುಗ್ಗೆಗಳ ನೀರನ್ನು ಕುಡಿದು, ಅದರಲ್ಲಿ ಮಿಂದು ಆರೋಗ್ಯ ಪಡೆಯಲು ದೂರದೂರದಿಂದ ಜನ ಬರುತ್ತಿದ್ದರು. 1940ರ ಜೂನ್‌ನಲ್ಲಿ ಜರ್ಮನಿಗೆ ಸೋತ ಫ್ರೆಂಚ್ ಸರ್ಕಾರವು ಜುಲೈ ಆರಂಭದಲ್ಲಿ ಅಲ್ಲಿ ಬಿಡಾರ ಹೂಡಿತು. ಪಟ್ಟಣವು ಜರ್ಮನ್ ಸೈನ್ಯ ಆಕ್ರಮಿಸದ ಭಾಗದಲ್ಲಿತ್ತು. ಕಚೇರಿಗಳಿಗೆ ಬೇಕಾದಷ್ಟು ಹೋಟೆಲುಗಳೂ ಇದ್ದವು. ಜುಲೈ 10ರಂದು ಅಲ್ಲಿಯ ಕ್ಯಾಸಿನೋದ ನಾಟಕಶಾಲೆಯಲ್ಲಿ ಸೇರಿದ ಸಂಸತ್ತು ಮಾರ್ಷಲ್ ಪೆತಾಂ ಅವರಿಗೆ ಪೂರ್ಣಾಧಿಕಾರವನ್ನು ಒಪ್ಪಿಸಿತು. ಪರವಾಗಿ ಬಿದ್ದ ಮತಗಳು 569. ವಿರೋಧಿಸಿದವರು 80 ಮಂದಿ.

ಯುದ್ಧ ಮುಗಿದ ಮೇಲೆ ಒಂದು ಸಮರ್ಥನೆ ಬಹುಕಾಲ ಚಲಾವಣೆಯಲ್ಲಿತ್ತು: ದ ಗಾಲ್ ದೇಶದ ಖಡ್ಗವಾಗಿದ್ದರೆ ಪೆತಾಂ ಅದರ ಗುರಾಣಿ, ದೊಡ್ಡ ಕೇಡನ್ನು ತಡೆಯಲು ಅವರು ಸಣ್ಣ ಕೇಡನ್ನು ಒಪ್ಪಿಕೊಂಡರು ಎಂಬುದು. ಅಮೆರಿಕದ ಇತಿಹಾಸಕಾರ ರಾಬರ್ಟ್ ಪ್ಯಾಕ್ಸ್‌ಟನ್ ಅವರು 1972ರಲ್ಲಿ ಪ್ರಕಟಿಸಿದ ‘ವಿಶಿ ಫ್ರಾನ್ಸ್’ ಗ್ರಂಥವು ಈ ಸಮರ್ಥನೆಯನ್ನು ಒರೆಗೆ ಹಚ್ಚಿತು. ಫ್ರಾನ್ಸಿನ ಕಡತಗಳು ಆಗ ಸಂಶೋಧಕರಿಗೆ ಮುಚ್ಚಿದ್ದುದರಿಂದ, ಯುದ್ಧದಲ್ಲಿ ವಶಪಡಿಸಿಕೊಂಡ ಜರ್ಮನ್ ಕಡತಗಳನ್ನು ಅವರು ಆಧರಿಸಿದರು. ಒಬ್ಬನ ಖಾತೆ ಸಿಗದಿದ್ದಾಗ ಎದುರು ಕಕ್ಷಿಯ ಖಾತೆಯಲ್ಲಿ ತಾಳೆ ನೋಡುವ ಕ್ರಮವಿದು. ಸಹಕಾರವನ್ನು ಜರ್ಮನಿ ಹೇರುವುದಕ್ಕಿಂತ ಮೊದಲೇ ವಿಶಿಯ ಆಡಳಿತ ತಾನಾಗಿ ನೀಡಲು ಮುಂದಾಗಿತ್ತು ಎಂಬುದು ಆ ತಾಳೆಯಿಂದ ಹೊರಬಿದ್ದ ಸತ್ಯ.

ಯಹೂದಿಗಳನ್ನು ಸರ್ಕಾರಿ ಹುದ್ದೆಗಳಿಂದ ಹೊರಗಿಟ್ಟ 1940ರ ಅಕ್ಟೋಬರ್ 3ರ ಶಾಸನ ಜರ್ಮನಿಯ ಆಜ್ಞೆಯಿಂದ ಬಂದುದಲ್ಲ. 1942ರ ಜುಲೈ 16 ಮತ್ತು 17ರಂದು ಪ್ಯಾರಿಸ್ಸಿನಲ್ಲಿ ಸುಮಾರು 13,000 ಯಹೂದಿಗಳನ್ನು ಬಂಧಿಸಿದವರು ಫ್ರೆಂಚ್ ಪೊಲೀಸರು. ಬಂಧಿತರಲ್ಲಿ 4,000ಕ್ಕೂ ಹೆಚ್ಚು ಮಕ್ಕಳಿದ್ದರು. ಪರದೇಶದ ಯಹೂದಿಗಳನ್ನು ಒಪ್ಪಿಸಿ ಸ್ವದೇಶದವರನ್ನು ಉಳಿಸಿದೆವೆಂಬ ಮಾತೂ ನಿಲ್ಲುವುದಿಲ್ಲ. ಫ್ರಾನ್ಸಿನಿಂದ ಸಾಗಿಸಲ್ಪಟ್ಟ ಸುಮಾರು 76,000 ಜನರಲ್ಲಿ ಮೂರರಲ್ಲೊಂದು ಪಾಲು ಫ್ರೆಂಚ್ ಪ್ರಜೆಗಳೇ. ಒಂದು ವೇಳೆ ಆ ಲೆಕ್ಕ ಸರಿಹೋಗಿದ್ದರೂ, ಆಶ್ರಯ ಬೇಡಿ ಬಂದವನ ಪ್ರಾಣವನ್ನು ತೆತ್ತು ಕೊಂಡ ರಕ್ಷಣೆಯನ್ನು ಧರ್ಮವೆನ್ನಲಾಗದು.

ಗ್ರಂಥದಲ್ಲಿ ಒಂದು ಕೊರತೆಯೂ ಇದೆ. ಆಡಳಿತದ ಕಡತಗಳನ್ನೇ ಹಿಡಿದು ಸಾಗಿದುದರಿಂದ ನೊಂದವರ ದನಿ ಇಲ್ಲಿ ಕ್ಷೀಣ. ಯಹೂದಿಗಳಿಗೆ ಒದಗಿದ ಗತಿಯನ್ನು ಗ್ರಂಥಕರ್ತರು 1981ರಲ್ಲಿ ಮೈಕೆಲ್ ಮಾರಸ್ ಅವರೊಡನೆ ಬರೆದ ಪ್ರತ್ಯೇಕ ಕೃತಿಯಲ್ಲಿ ವಿಸ್ತಾರವಾಗಿ ನಿರೂಪಿಸಿದರು. ಆದರೆ ‘ವಿಶಿ ಫ್ರಾನ್ಸ್’ ಎಂಬ ಹೆಸರಿನಲ್ಲಿ ಎರಡನೆಯ ಪದವೇ ಹೆಚ್ಚು ತೂಕದ್ದು. ಬುಗ್ಗೆಗಳ ಪಟ್ಟಣವೊಂದರ ಹೆಸರಿಗೆ ಕಳಂಕವನ್ನು ಅಂಟಿಸಿ ರಾಷ್ಟ್ರವು ಕೈತೊಳೆದುಕೊಂಡಿತ್ತು. ಫ್ರಾನ್ಸಿನ ರಾಷ್ಟ್ರಾಧ್ಯಕ್ಷ ಜಾಕ್ ಶಿರಾಕ್ ಅವರು ಆ ಹೊಣೆ ಫ್ರೆಂಚ್ ರಾಜ್ಯದ್ದೇ ಎಂದು ಒಪ್ಪಿಕೊಂಡದ್ದು 1995ರ ಜುಲೈ 16ರಂದು. ವಿಶಿ ಪಟ್ಟಣ ಕೊಟ್ಟದ್ದು ಹೋಟೆಲುಗಳ ಕೋಣೆಗಳನ್ನು. ಆ ಕೋಣೆಗಳಲ್ಲಿ ಕುಳಿತು ಸಹಿ ಹಾಕಿದ ಕೈಗಳು ಇಡೀ ದೇಶದವು.